ನೋನಿಯ ಮೂರು ಭಾನುವಾರಗಳು

ರಿನ್‌ಗ್ಲಾಸ್, ಗಾಲ್ವೇ
11 ನವೆಂಬರ್ 1984

ಪ್ರೀತಿಯ ಸಿಸ್ಟರ್ ಕೊಲೆಟ್,

ಇನ್ನು ಐದೂವರೆ ವಾರ. ಡಿಸೆಂಬರ್ ಇಪ್ಪತ್ತರ ಗುರುವಾರಕ್ಕೆ ನನ್ನ ವಿಮಾನ ನಿಶ್ಚಯವಾಗಿದೆ. ಕ್ರಿಸ್‌ಮಸ್ಸಿನ ಬೆಳಗ್ಗೆ ಅಮ್ಮನ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿರುತ್ತೇನೆ. ಮಣ್ಣುಶಾಸ್ತ್ರದ ಪ್ರಬಂಧ ಅರ್ಧ ಟೈಪಾಗಿದೆ. ಉಳಿದರ್ಧ ನಿಮ್ಮ ಮನೆಯ ಅಡುಗೆಮೇಜಿನ ಮೇಲೆ ಜಾಮಿನ ಕಲೆ ಮೆತ್ತಿಕೊಂಡು ಬಿದ್ದಿದೆ.

ನೀವು ಹುಟ್ಟಿದ ಮನೆಯಲ್ಲಿ ನನ್ನನ್ನು ಇಳಿಸಿದ್ದಕ್ಕೆ ಇನ್ನೊಮ್ಮೆ ನಮಸ್ಕಾರ. ಹಾಸ್ಟೆಲಿನಲ್ಲಿದ್ದಿದ್ದರೆ ಮೊದಲ ತಿಂಗಳಿಗೇ ಓಡಿಬರುತ್ತಿದ್ದೆ. ನಿಮ್ಮ ಅಕ್ಕ ಡೀಲಿಯಾ ನನ್ನನ್ನು ದಪ್ಪ ಮಾಡುವ ಪಣ ತೊಟ್ಟಿದ್ದಾರೆ. ನಿಮ್ಮ ತಂಗಿ ನೋನಿ ನನ್ನನ್ನು ನಗಿಸುವ ಪಣ. ನಿನ್ನೆ ನನ್ನನ್ನೂ ನೋನಿಯನ್ನೂ ಬಾಗಿಲ ಚೌಕಟ್ಟಿಗೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಡೀಲಿಯಾ ಅಳತೆ ತೆಗೆದರು. ಇಬ್ಬರೂ ಒಂದೇ ಎತ್ತರ.

"ಈ ಊರಲ್ಲಿ ನನ್ನಷ್ಟು ಎತ್ತರದ ಗಂಡಸೇ ಇರ್ಲಿಲ್ಲ ಕಣೇ, ಅದಕ್ಕೇ ನಂಗೆ ಮದುವೆ ಆಗ್ಲಿಲ್ಲ" ಎಂದರು ನೋನಿ.

"ಎತ್ತರಕ್ಕಲ್ಲ. ಬಾಯಿಗೆ" ಎಂದರು ಡೀಲಿಯಾ.

ನೋನಿ ನಿಮಗೊಂದು ಮಾತು ಬರೆಯಲು ಹೇಳಿದ್ದಾರೆ. ಅವರ ಬಾಯಲ್ಲಿ ಬಂದ ಹಾಗೇ ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿ. "ನಿಮ್ಮ ಸಿಸ್ಟರ್‌ಗೆ ಬರಿ, ಮೂವತ್ತೊಂದು ವರ್ಷದಿಂದ ಮುಂದಿನ ಬೇಸಿಗೆಗೆ ಬರ್ತೀನಿ ಅಂತಿದಾಳೆ. ಆ ಬೇಸಿಗೆ ಅಲ್ಲೇ ಎಲ್ಲೋ ಹೊಳೇಲಿ ಹೂತುಹೋಗಿರ್ಬೇಕು. ಎತ್ತಿಸೋಕೆ ಎರಡು ಜೊತೆ ಎತ್ತು ಕಳಿಸ್ಲಾ ಅಂತ ಕೇಳು."

ಇಲ್ಲಿ ನವೆಂಬರ್ ಸತ್ತವರ ತಿಂಗಳು. ಚರ್ಚಿನಲ್ಲಿ ಓದಲು ಮನೆಮನೆಯಿಂದ ಹೆಸರಿನ ಪಟ್ಟಿ ಹೋಗುತ್ತದೆ. ನಮ್ಮ ಮನೆಯ ಪಟ್ಟಿಯನ್ನು ನೋನಿಯೇ ಬರೆದರು. ನನ್ನ ಅಜ್ಜಿಯ ಹೆಸರನ್ನೂ ಕೇಳಿ ಸೇರಿಸಿಕೊಂಡರು.

ನಿಮ್ಮ
ಚೋಲ್ವೆ

*

ಮುಲೊಂಗಾ ಮಿಷನ್, ಮೊಂಜೆ ಹತ್ತಿರ, ಜಾಂಬಿಯಾ
20 ನವೆಂಬರ್ 1984

ಮಗು ಚೋಲ್ವೆ,

ಮಳೆ ಹಿಡಿದಿದೆ. ಶಾಲೆಯ ತಗಡಿನ ಮೇಲೆ ಅದರ ಗದ್ದಲಕ್ಕೆ ಮಧ್ಯಾಹ್ನದ ಪಾಠ ನಿಂತುಹೋಗುತ್ತದೆ, ಮಕ್ಕಳಿಗೆ ಹಬ್ಬ.

ನಿನ್ನ ತಾಯಿ ಮೊನ್ನೆ ಕಣಿವೆಯಿಂದ ಬಂದಿದ್ದಳು, ತಲೆಯ ಮೇಲೆ ಒಂದು ಬುಟ್ಟಿ ನೆಲಗಡಲೆ ಹೊತ್ತು. ನೀನು ಬರುವ ದಿನವನ್ನು ನನ್ನ ಬಾಯಿಂದ ಮೂರು ಸಲ ಹೇಳಿಸಿದಳು. "ಅಲ್ಲೀ ಚಳೀಗೆ ನನ್ ಮಗಳು ಬೆಳ್ಳಗಾಗಿಬಿಟ್ಟಿದ್ರೆ ಗುರುತು ಹೆಂಗ್ ಹಿಡೀಲಿ?" ಎಂದು ಕೇಳಿದಳು. ನಾನು ಇಲ್ಲಿ ಮೂವತ್ತೊಂದು ವರ್ಷ ಇದ್ದೂ ಕಪ್ಪಗಾಗಲಿಲ್ಲ, ಹೆದರಬೇಡ ಎಂದೆ. "ನೀವ್ ಬಿಡಿ, ನೀವ್ ಹಟಮಾರಿ" ಎಂದಳು.

ನೋನಿಗೆ ಹೇಳು: ಈ ಸಲ ಖಂಡಿತ. ಜೂನ್ ತಿಂಗಳು. ಮದರ್ ಸುಪೀರಿಯರ್ ಅನುಮತಿ ಕೊಟ್ಟಿದ್ದಾರೆ. ಎತ್ತು ಬೇಡ, ಬಸ್ ನಿಲ್ದಾಣಕ್ಕೆ ಅವಳೇ ಬಂದರೆ ಸಾಕು.

ಪ್ರೀತಿಯಿಂದ,
ಸಿಸ್ಟರ್ ಕೊಲೆಟ್

*

ರಿನ್‌ಗ್ಲಾಸ್
27 ನವೆಂಬರ್

ಸಿಸ್ಟರ್,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಆದರೂ ಬರೆಯದೆ ಇರಲಾರೆ.

ಕಳೆದ ಗುರುವಾರ ಬೆಳಗ್ಗೆ ನೋನಿ ತೀರಿಕೊಂಡರು. ತಿಂಡಿಯಾದ ಮೇಲೆ ಕೋಳಿಗಳಿಗೆ ಕಾಳು ಹಾಕಲು ಹೋದವರು ಬರಲಿಲ್ಲ. ಹೋಗಿ ನೋಡಿದರೆ ಗೂಡಿನ ಬಾಗಿಲಲ್ಲಿ ಒರಗಿದ್ದರು. ಏಪ್ರನ್ನಿನ ಮಡಿಲಲ್ಲಿ ಕಾಳು ಇತ್ತು, ಕೋಳಿಗಳು ಆ ಮಡಿಲಿನಿಂದಲೇ ಹೆಕ್ಕುತ್ತಿದ್ದವು. ಹೃದಯ ನಿಂತಿತು ಎಂದರು ಡಾಕ್ಟರು.

ಎರಡು ದಿನ ಮುಂದಿನ ಕೋಣೆಯಲ್ಲಿ ಇಟ್ಟಿದ್ದರು, ಕಂದು ನಿಲುವಂಗಿ ತೊಡಿಸಿ, ಬೆರಳಿಗೆ ಜಪಮಾಲೆ ಸುತ್ತಿ. ಇಡೀ ಊರು ಬಂತು. ಚಹಾ ಕುಡಿದರು, ಅತ್ತರು, ನೋನಿಯ ಬೈಗುಳಗಳನ್ನು ನೆನೆದು ನಕ್ಕರು. ಕೆಳಗಿನ ಮನೆಯ ಮುದುಕ ಕೋಲ್ಮನ್ ಪೆಟ್ಟಿಗೆಯ ಪಕ್ಕ ನಿಂತು, "ನಲವತ್ತು ವರ್ಷದಲ್ಲಿ ಇವತ್ತೇ ನೋಡು ನೋನಿ, ನಾನು ಮಾತಾಡ್ತಿರೋವಾಗ ನೀನು ಸುಮ್ನಿರೋದು" ಎಂದು ಹೇಳಿ ಅಲ್ಲೇ ಕುಸಿದು ಕುಳಿತ.

ನಿಮಗೆ ತಂತಿ ಕೊಡೋಣ ಎಂದೆ. ಡೀಲಿಯಾ ನನ್ನ ಮಣಿಕಟ್ಟು ಹಿಡಿದರು. ನಿಮ್ಮನ್ನು ಅವರು ಈಗಲೂ ಕರೆಯುವುದು ಹುಟ್ಟುಮನೆಯ ಹೆಸರಿನಿಂದ, ಸೇಡಿ ಎಂದೇ. "ಬೇಡ. ಸೇಡಿಗೆ ಈಗ ಬೇಡ. ಮಣ್ಣಿಗಂತೂ ಬರಕ್ಕಾಗಲ್ಲ. ಅಷ್ಟು ದೂರ ಕೂತು ಹಬ್ಬದ ಹೊತ್ತಲ್ಲಿ ಏನು ಮಾಡ್ತಾಳೆ? ಕ್ರಿಸ್‌ಮಸ್ ಕಳೀಲಿ, ನಾನೇ ಬರೀತೀನಿ. ನೀನು ಒಂದಕ್ಷರ ಬರೆದ್ರೆ ನನ್ನ ಮುಖ ನೋಡ್ಬೇಡ." ಆಣೆ ಮಾಡಿಸಿಕೊಂಡರು.

ಕೋಳಿಗಳು ನನ್ನ ಕೈಯಿಂದ ಏನೂ ತಿನ್ನುತ್ತಿರಲಿಲ್ಲ. ನಿನ್ನೆ ಕೆಸರೆಂದು ನೋನಿಯ ಬೂಟು ಮೆಟ್ಟಿಕೊಂಡು ಹೋದೆ. ಎಲ್ಲವೂ ಓಡಿಬಂದು ಕಾಲಿಗೆ ಸುತ್ತಿಕೊಂಡವು. ಡೀಲಿಯಾ ಕಿಟಕಿಯಲ್ಲಿದ್ದರು. ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು, ತಲೆಯಿಂದ ಕಾಲಿನವರೆಗೆ, ಬಟ್ಟೆ ಹೊಲಿಯುವವರು ನೋಡುವ ಹಾಗೆ.

*

ರಿನ್‌ಗ್ಲಾಸ್
30 ನವೆಂಬರ್

ಪ್ರೀತಿಯ ಸಿಸ್ಟರ್ ಕೊಲೆಟ್,

ನಿಮ್ಮ ಪತ್ರ ಇಂದು ಬಂತು. ನೀವು ಹೇಳಿದ ಮಾತನ್ನು, ಜೂನ್ ತಿಂಗಳ ಮಾತನ್ನು, ನೋನಿಯ ಕುರ್ಚಿಯ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಡೀಲಿಯಾ ಇನ್ನೊಮ್ಮೆ ಓದು ಎಂದರು. ಓದಿದೆ.

ಇಲ್ಲಿ ಬರೀ ಗಾಳಿ. ಡೀಲಿಯಾರಿಗೆ ನೆಗಡಿ. ಪುಡ್ಡಿಂಗಿಗೆ ಹಣ್ಣು ನೆನೆಹಾಕಿದ್ದಾರೆ. ಪ್ರಬಂಧ ಮುಗಿಯುತ್ತಾ ಬಂತು. ಇಲ್ಲಿನ ಜೌಗು ನೆಲದಲ್ಲಿ ಏನೂ ಕೊಳೆಯುವುದಿಲ್ಲ ಎಂಬ ಅಧ್ಯಾಯ ಬರೆಯುತ್ತಿದ್ದೇನೆ. ಎಲೆ, ಮರ, ಬೆಣ್ಣೆ, ಹೂತದ್ದೆಲ್ಲ ನೂರಾರು ವರ್ಷ ಹಾಗೇ ಇರುತ್ತದೆ.

ಹೆಚ್ಚು ಬರೆಯಲು ಸಮಯವಿಲ್ಲ. ಕ್ಷಮಿಸಿ.

ನಿಮ್ಮ
ಚೋಲ್ವೆ

*

ಮುಲೊಂಗಾ ಮಿಷನ್
8 ಡಿಸೆಂಬರ್

ಮಗು ಚೋಲ್ವೆ,

ನಿನ್ನ ಪತ್ರ ಇಷ್ಟು ಚಿಕ್ಕದಾದದ್ದು ಇದೇ ಮೊದಲು. ಓದಿ ಮಡಚಿಟ್ಟೆ, ಮತ್ತೆ ತೆಗೆದೆ. ಜೂನ್ ಎಂದದ್ದಕ್ಕೆ ನೋನಿ ಏನಂದಳು ಎಂದು ನೀನು ಬರೆದಿಲ್ಲ. ಅವಳು ಏನೂ ಅನ್ನದೆ ಇರುವವಳಲ್ಲ. ಸಿಟ್ಟಾಗಿದ್ದಾಳೆ, ಅಲ್ಲವೇ? ನಿನಗೆ ಬರೆಯಲು ಸಂಕೋಚ. ಅವಳ ಸಿಟ್ಟು ನನಗೆ ಹೊಸದಲ್ಲ, ಹಾಗೇ ಬರೆದುಬಿಡು.

ನಾನು ಯಾಕೆ ಹೋಗಲಿಲ್ಲ ಎಂದು ನೀನು ಎಂದೂ ಕೇಳಲಿಲ್ಲ. ರಜೆ ನಾಲ್ಕು ಸಲ ಬಂದಿತ್ತು. ಮೊದಲ ಸಲ ಶಾಲೆ ಕಟ್ಟುತ್ತಿದ್ದೆವು. ಉಳಿದ ಮೂರು ಸಲ ಹೆದರಿಕೆ. ಆ ಅಡುಗೆಮನೆಯಲ್ಲಿ ಒಂದು ಸಲ ಕುಳಿತರೆ ಎದ್ದು ಬರಲಾರೆ ಎಂಬ ಹೆದರಿಕೆ. ಇದನ್ನು ಅವಳಿಗೆ ಹೇಳಬೇಡ. ಹೇಳಿದರೂ ಪರವಾಗಿಲ್ಲ.

ನಾನು ಹೊರಟ ದಿನ ನೋನಿ ತನ್ನ ಹೊಸ ಹಸಿರು ಕೋಟು ತೊಟ್ಟು ಬಸ್ಸಿನವರೆಗೆ ಬಂದಳು. ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಮೇಲಿನಿಂದ ಎರಡನೆಯ ಗುಂಡಿ ಕಿತ್ತುಹೋಗಿ ಚರಂಡಿಗೆ ಉರುಳಿತು. ನನ್ನ ಕೋಟಿನಿಂದ ಒಂದು ಕಪ್ಪು ಗುಂಡಿ ಕಿತ್ತು ರಸ್ತೆಬದಿಯಲ್ಲೇ ಹೊಲಿದುಕೊಟ್ಟೆ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಆ ಕೋಟು ಇನ್ನೂ ಇದೆಯೇ? ಸುಮ್ಮನೆ ಕೇಳಿದೆ.

ಪ್ರೀತಿಯಿಂದ,
ಸಿಸ್ಟರ್ ಕೊಲೆಟ್

*

ರಿನ್‌ಗ್ಲಾಸ್
9 ಡಿಸೆಂಬರ್

ಪ್ರೀತಿಯ ಸಿಸ್ಟರ್ ಕೊಲೆಟ್,

ನಿಮ್ಮನ್ನು ಒಂದು ಮಾತು ಕೇಳಬೇಕು. ಈ ಊರಿನವರೂ ನೀವೇ, ನಮ್ಮೂರನ್ನು ಬಲ್ಲವರೂ ನೀವೇ. ಬೇರೆ ಯಾರನ್ನು ಕೇಳಲಿ?

ಇಲ್ಲಿ ನೆರೆಮನೆಯಲ್ಲಿ ಒಬ್ಬ ಹೆಂಗಸು ತೀರಿಕೊಂಡಳು. ಸತ್ತವರ ಬಟ್ಟೆಯನ್ನು ಯಾರಾದರೂ ಮೂರು ಭಾನುವಾರ, ಬಿಡದೆ, ಪೂಜೆಗೆ ಉಟ್ಟು ಹೋಗಬೇಕಂತೆ. ಆಗ ಮಾತ್ರ ಆ ಲೋಕದಲ್ಲಿ ಅವರಿಗೆ ಮೈಮೇಲೆ ಬಟ್ಟೆ. ಇಲ್ಲದಿದ್ದರೆ ಇಲ್ಲವಂತೆ. ಅವಳ ಅಕ್ಕ ಮೊದಲು ನೆಂಟರ ಸೊಸೆಯನ್ನು ಕೇಳಿದಳು. ಅವಳು, "ಅಯ್ಯೋ ಅತ್ತೇ, ಟೀವಿ ಬಂದಿರೋ ಕಾಲ, ಇದೆಲ್ಲ ಯಾರು ಮಾಡ್ತಾರೆ? ಬಟ್ಟೇನ ಚರ್ಚಿನ ಸಂತೆಗೆ ಕೊಡಿ" ಎಂದಳು. ಆಮೇಲೆ ಆ ಅಕ್ಕ ನನ್ನನ್ನು ಕೇಳಿದಳು. ನನ್ನ ಎತ್ತರ ಸರಿಹೋಗುತ್ತದಂತೆ.

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹೇಳಿದಳು: "ದಿನಾ ನಸುಕಲ್ಲಿ ಮೆಟ್ಟಿಲ ಕೆಳಗೆ ನಿಂತಿರ್ತಾಳೆ ಕಣೇ. ಒಳಲಂಗದಲ್ಲಿ. ತೋಳು ಅಪ್ಕೊಂಡು. ಮಾತಾಡಲ್ಲ. ಅವಳು ಮಾತಾಡದೆ ನಿಂತಿರೋದನ್ನ ನಂಗೆ ನೋಡಕ್ಕಾಗಲ್ಲ." ಮುದುಕಿ ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅಳಲಿಲ್ಲ, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಲು ಎದ್ದಳು.

ಇಂದು ತೊಟ್ಟೆ. ಬಾಟಲಿ ಹಸಿರಿನ ಉದ್ದ ಕೋಟು, ಕೊಂಬಿನ ಗುಂಡಿಗಳು, ಎರಡನೆಯದು ಮಾತ್ರ ಕಪ್ಪು, ಬೇರೆ ಯಾವುದೋ ಕೋಟಿನದು. ತೋಳು, ಭುಜ, ಎಲ್ಲ ನನಗೆಂದೇ ಹೊಲಿದಂತಿದೆ. ಚರ್ಚಿನಲ್ಲಿ ನನ್ನನ್ನು ನೋಡಿ ಯಾರೂ ನಗಲಿಲ್ಲ, ಪಿಸುಗುಟ್ಟಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಮುಖವನ್ನು ಯಾರೂ ನೋಡಲಿಲ್ಲ. ಕೋಟನ್ನು ನೋಡಿ ತಲೆಬಾಗಿದರು. ಹೊರಗೆ ಬರುವಾಗ ಹಿಂದಿನಿಂದ ಒಬ್ಬ ಮುದುಕ ಸತ್ತವಳ ಹೆಸರು ಹಿಡಿದು ಕೂಗಿದ. ಅವನಿಗೆ ಕಣ್ಣು ಮಂಜು, ಮರೆತಿದ್ದ.

ಸಿಸ್ಟರ್, ನಾನು "ಹಾಂ" ಎಂದುಬಿಟ್ಟೆ.

ನಮ್ಮಲ್ಲಿ ಅದರ ಅರ್ಥ ಏನೆಂದು ನಿಮಗೆ ಗೊತ್ತು. ಸತ್ತವರ ವಸ್ತು ಮೈಮೇಲಿರುವಾಗ ಹೆಸರು ಕೂಗುತ್ತಾರೆ. ಓಗೊಟ್ಟವರೇ ವಾರಸುದಾರರು. ಸತ್ತವರು ಅಲ್ಲಿಂದ ಮುಂದೆ ಅವರಲ್ಲಿ ಇರುತ್ತಾರೆ, ಸತ್ತವರ ಮನೆಯೇ ಇವರ ಮನೆ. ನನ್ನ ಅಜ್ಜಿ ತೀರುವ ಮೊದಲೇ ತನ್ನ ಹೆಸರು ನನಗೆ ಎಂದು ಹೇಳಿಟ್ಟಿದ್ದಳು. ಆಗ ನನಗೆ ಹದಿಮೂರು. ಅದು ಸೈತಾನನ ಆಟ ಎಂದು ನೀವು ಮಿಷನ್ ಹಾಸ್ಟೆಲಿನಿಂದ ಬಿಡಲಿಲ್ಲ. ಅಜ್ಜಿಯ ಹೆಸರಿಗೆ ಯಾರೂ ಓಗೊಡಲಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಆಗ ಓಗೊಡದವಳು ಈಗ, ಯಾರೂ ಅಲ್ಲದವಳಿಗೆ, ಓಗೊಟ್ಟೆನಲ್ಲ ಎಂದು ಹೆದರಿಕೆ.

ಎರಡನೆಯ ಭಾನುವಾರ ಹದಿನಾರು. ಮೂರನೆಯದು ಇಪ್ಪತ್ತಮೂರು. ನನ್ನ ವಿಮಾನ ಇಪ್ಪತ್ತಕ್ಕೆ. ತಪ್ಪಿದರೆ ಜನವರಿ ಕೊನೆಯವರೆಗೆ ಜಾಗವಿಲ್ಲ, ಅಮ್ಮ ಬಸ್ ನಿಲ್ದಾಣದಲ್ಲಿ ಕಾಯುತ್ತಾಳೆ. ಹೋದರೆ ಆ ಹೆಂಗಸು ಮೆಟ್ಟಿಲ ಕೆಳಗೆ ಹಾಗೇ ನಿಂತಿರುತ್ತಾಳೆ. ಉಳಿದು ಮೂರನೆಯ ಸಲ ತೊಟ್ಟರೆ, ಊರಿಗೆ ಹೊರಡುವವಳು ಯಾರು? ನಾನೋ, ಅವಳೋ? ಕೋಟು ಬಿಚ್ಚಿಟ್ಟ ಮೇಲೂ ಇವತ್ತು ಮೈ ಬೆಚ್ಚಗಾಗಲಿಲ್ಲ. ಒಲೆಯ ಮುಂದೆಯೇ ಕೂತು ಬರೆಯುತ್ತಿದ್ದೇನೆ.

ಏನು ಮಾಡಲಿ, ಬೇಗ ತಿಳಿಸಿ.

ಚೋಲ್ವೆ

*

ತಂತಿ
ಮೊಂಜೆ, 17 ಡಿಸೆಂಬರ್

ಕೋಟು ಯಾರದೆಂದು ತಿಳಿಯಿತು. ನೀನು ವಿಮಾನ ಹತ್ತು. ಕೋಟು ತಾ. ಮೂರನೆಯ ಭಾನುವಾರ ನನ್ನದು. ಡೀಲಿಯಾಗೆ ಹೇಳು. ಸೇಡಿ

*

ಮೊಂಜೆ, ಬಸ್ ನಿಲ್ದಾಣ
22 ಡಿಸೆಂಬರ್, ಶನಿವಾರ

ಪ್ರೀತಿಯ ಸಿಸ್ಟರ್,

ಕೋಟನ್ನು ಕಾಗದದಲ್ಲಿ ಸುತ್ತಿ ಮಿಷನ್ ಲಾರಿಯವರ ಕೈಗೆ ಕೊಡುತ್ತಿದ್ದೇನೆ. ನಾನೇ ತರಬೇಕಿತ್ತು. ಅಮ್ಮ ಬೆಳಗ್ಗಿನಿಂದ ಇಲ್ಲಿ ಕಾಯುತ್ತಿದ್ದಾಳೆ, ಕಣಿವೆಗೆ ಇರುವುದು ಇದೊಂದೇ ಬಸ್ಸು. ನನ್ನನ್ನು ಕಂಡವಳು ಅಪ್ಪಿಕೊಳ್ಳಲಿಲ್ಲ. ಮೊದಲು ಕೈ ಮುಟ್ಟಿ ನೋಡಿ, "ಯಾಕೇ ಇಷ್ಟು ತಣ್ಣಗಿದೀಯ?" ಎಂದಳು. ವಿಮಾನದ ಚಳಿ ಎಂದೆ.

ಸುಳ್ಳು ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಇಲ್ಲದ ನೆರೆಯವಳನ್ನು ಹುಟ್ಟಿಸಿದೆ. ಆಣೆ ಮುರಿಯಲಿಲ್ಲ ಎಂದುಕೊಂಡಿದ್ದೆ. ಗುಂಡಿಯ ಬಗ್ಗೆ ನೀವು ಬರೆದ ಪತ್ರ ತಂತಿ ಬಂದ ದಿನವೇ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು, ನಿಮಗೆ ಸುದ್ದಿ ಹೇಳಿದವಳು ನಾನೇ ಎಂದು. ಅಷ್ಟು ಕೆಟ್ಟದಾಗಿ ಯಾರೂ ಹೇಳಬಾರದು.

ತಂತಿಯನ್ನು ಡೀಲಿಯಾರಿಗೆ ಓದಿದೆ. ಬೈಯುತ್ತಾರೆ ಎಂದುಕೊಂಡೆ. ಕೊನೆಯ ಪದದ ಮೇಲೆ ಬೆರಳಿಟ್ಟು, "ಸೇಡಿ ಅಂತ ಹಾಕಿದಾಳೆ. ಸಿಸ್ಟರ್ ಅಂತ ಹಾಕಿಲ್ಲ" ಎಂದರು. ಆಮೇಲೆ ಚಿಂತೆ ಶುರುವಾಯಿತು.

"ಅಲ್ಲಿ ಬೆಂಕಿ ಸುರಿಯತ್ತಂತಲ್ಲ. ಆ ಉಣ್ಣೆ ಕೋಟಲ್ಲಿ ಬೆಂದುಹೋಗ್ತಾಳೆ."

"ಬೇರೆ ಊರ ಚರ್ಚಲ್ಲಿ ತೊಟ್ಟರೆ ನಡೆಯುತ್ತಾ?" ಎಂದು ಕೇಳಿದೆ.

"ದೇವರು ರಿನ್‌ಗ್ಲಾಸಲ್ಲಿ ಮಾತ್ರ ಕೂತಿದಾನಾ? ಒಡಹುಟ್ಟಿದೋಳು ತೊಟ್ರೆ ಎಲ್ಲಿ ತೊಟ್ರೂ ನಡೆಯತ್ತೆ. ಆದ್ರೆ ಸೇಡಿ ಕುಳ್ಳಿ. ನೆಲ ಗುಡಿಸ್ಕೊಂಡು ಹೋಗತ್ತೆ, ಅಂಚು ಮಡಿಚಿ ಹೊಲೀಬೇಕು." ಹೊಲಿದರು. ಒಂದು ಗೇಣು ಮಡಿಚಿದ್ದಾರೆ, ನೋಡಿ. ಎರಡನೆಯ ಭಾನುವಾರ ನಾನು ತೊಟ್ಟಾಗ ಕೋಲ್ಮನ್ ಮತ್ತೆ ಕೂಗಿದ. ಈ ಸಲ ತುಟಿ ಕಚ್ಚಿಕೊಂಡು ನಡೆದುಬಿಟ್ಟೆ. ಆದರೆ ಒಳಗೆ ಯಾರೋ ತಿರುಗಿದರು.

ಹೊರಡುವ ಬೆಳಗ್ಗೆ ಡೀಲಿಯಾ ಬಾಗಿಲವರೆಗೂ ಬರಲಿಲ್ಲ. ಕೋಳಿಗೂಡಿನಿಂದಲೇ ಕೈಯೆತ್ತಿದರು. ನೋನಿಯ ಬೂಟು ಮೆಟ್ಟಿಕೊಂಡಿದ್ದರು. ಅವರ ಕಾಲಿಗೆ ಅದು ಬಹಳ ದೊಡ್ಡದು.

ಬಸ್ಸು ಹೊರಡುತ್ತಿದೆ.

ಚೋಲ್ವೆ

*

ಮುಲೊಂಗಾ ಮಿಷನ್
24 ಡಿಸೆಂಬರ್

ಮಗು ಚೋಲ್ವೆ,

ನಿನ್ನನ್ನು ಬೈಯುವುದಕ್ಕೆ ನನಗೆ ಯಾವ ಹಕ್ಕೂ ಇಲ್ಲ. ಜೂನ್ ತಿಂಗಳಿಗೆ ಅನುಮತಿ ಸಿಕ್ಕಿದೆ ಎಂದು ಬರೆದೆನಲ್ಲ, ಕೇಳಿಯೇ ಇರಲಿಲ್ಲ. ನೀನು ಅದನ್ನು ಗಟ್ಟಿಯಾಗಿ ಎರಡು ಸಲ ಓದಿದ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನನ್ನಿಂದ ಅವಳಿಗೆ ಕೊನೆಯದಾಗಿ ತಲುಪಿದ್ದು ಒಂದು ಸುಳ್ಳಾಗಲಿಲ್ಲ, ಅಷ್ಟೇ ಸಮಾಧಾನ. ಅದೂ ನನ್ನ ಗುಣದಿಂದಲ್ಲ, ಅಂಚೆಯ ತಡದಿಂದ.

ನಿನ್ನ ಪತ್ರ ಕೈಗೆ ಬಂದಾಗ ನಾನು ಶಾಲೆಯ ಜಗಲಿಯಲ್ಲಿದ್ದೆ. "ನೆರೆಮನೆಯಲ್ಲಿ" ಎಂಬ ಸಾಲನ್ನೇ ಮತ್ತೆ ಮತ್ತೆ ಓದಿದೆ. ಡೀಲಿಯಾಳ ಮನೆಯಲ್ಲಿರುವ ಹುಡುಗಿಯನ್ನು ಆ ಬಟ್ಟೆಯ ಮಾತಿಗೆ ಪರರು ಕೇಳುವುದಿಲ್ಲ. ಸತ್ತವಳು ನಿನ್ನಷ್ಟೇ ಎತ್ತರ, ನೋನಿಯೂ ನಿನ್ನಷ್ಟೇ ಎತ್ತರ ಎಂದು ನೀನೇ ಬರೆದಿದ್ದೆ. ಮುಂದಿನದನ್ನು ಗುಂಡಿ ಹೇಳಿತು. ಎದ್ದು ತರಗತಿಗೆ ಹೋಗಿ ಭಾಗಾಕಾರ ಹೇಳಿಕೊಟ್ಟೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಶನಿವಾರ ಕೋಟು ಬಂದ ಮೇಲೆ ಬಿನಾ ಲುಯಾಂಡೊಳ ಮನೆಗೆ ನಡೆದುಹೋದೆ. ನಿನ್ನ ಅಜ್ಜಿಯ ಗೆಳತಿ, ಹೆಸರು ಕೂಗುವ ಹಿರಿಯಳು. ಅವಳ ಅಂಗಳದಲ್ಲಿ ಕುಳಿತು ನಿನ್ನ ಹೆದರಿಕೆಯನ್ನೂ ಹೇಳಿದೆ, ನನ್ನದನ್ನೂ ಹೇಳಿದೆ. ಅವಳು ಜೋಳ ಕೇರುವುದನ್ನು ನಿಲ್ಲಿಸಲಿಲ್ಲ.

"ಹನ್ನೆರಡು ವರ್ಷದ ಹಿಂದೆ ಇದೇ ಅಂಗಳಕ್ಕೆ ಬಂದು ಸೈತಾನನ ಆಟ ಅಂದ್ರಿ. ಆ ಮಗೂನ ಕಳಿಸ್ಲಿಲ್ಲ. ಮಡಕೆ ತುಂಬ ನೀರಿಟ್ಕೊಂಡು ಕಾಯ್ದ್ವಿ. ಈಗ ನಿಮ್ ಮನೇಲಿ ಸಾವಾದಾಗ ನಮ್ ಸೈತಾನ ಬೇಕಾಯ್ತಾ?"

"ಬೇಕಾಯ್ತು" ಎಂದೆ.

ಅವಳು ಮೊರ ಕೆಳಗಿಟ್ಟಳು. "ಹೆಸರೇನು ನಿಮ್ ತಂಗೀದು?"

ನಿನ್ನೆ ಬೆಳಗ್ಗೆ ಕೋಟು ತೊಟ್ಟೆ. ಹೊರಗೆ ಮಳೆ ನಿಂತು ಸೂರ್ಯ ಸುಡುತ್ತಿದ್ದ. ಪಾದ್ರಿ, ನಮ್ಮ ಶಾಲೆಯಲ್ಲೇ ಓದಿದ ಹುಡುಗ, ಬಾಗಿಲಲ್ಲೇ ತಡೆದ. "ಸಿಸ್ಟರ್, ಮಲೇರಿಯಾನಾ?" "ಅಲ್ಲಪ್ಪ, ನನ್ನ ತಂಗಿ" ಎಂದೆ. ಏನು ಅರ್ಥಮಾಡಿಕೊಂಡನೋ, ದಾರಿ ಬಿಟ್ಟ. ಇನ್ನೂರು ಜನ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ನನಗೆ ಹಲ್ಲು ಕಟಕಟ ಎನ್ನುತ್ತಿತ್ತು. ಬರೀ ತೋಳಿನಲ್ಲಿ, ಕಲ್ಲಿನ ಮೆಟ್ಟಿಲ ಕೆಳಗೆ, ಸಮುದ್ರದ ಗಾಳಿಗೆ ನಿಂತವರಿಗೆ ಆಗುವ ಚಳಿ. ಒಂದು ಹನಿ ಬೆವರಿಲ್ಲ. ಪ್ರಾರ್ಥನೆಯ ಮಾತು ಬಾಯಿಗೆ ಬರಲಿಲ್ಲ. "ಬಂದೆ ಕಣೇ, ಬಂದೆ" ಎಂದಷ್ಟೇ ಹೇಳಿಕೊಳ್ಳುತ್ತಿದ್ದೆ.

ಪೂಜೆ ಮುಗಿದು ಹೊರಗೆ ಬಂದಾಗ ಮುಸಾಂಬಾ ಮರದ ಕೆಳಗೆ ಏಳೆಂಟು ಮುದುಕಿಯರು ನೀರಿನ ಮಡಕೆ ಇಟ್ಟುಕೊಂಡು ಕುಳಿತಿದ್ದರು. ಬಿನಾ ಲುಯಾಂಡೊ ಎದ್ದಳು. ಮೊದಲು ನಿನ್ನ ಹೆಸರು ಹೇಳಿ, ಈ ಮಗು ತಿಳಿಯದೆ ಓಗೊಟ್ಟಿದ್ದಾಳೆ, ಅವಳನ್ನು ಬಿಡು ಎಂದು ನೆಲಕ್ಕೆ ನೀರು ಸುರಿದಳು. ಆಮೇಲೆ ನನ್ನ ಕಡೆ ತಿರುಗಿ, ಹೊಲದಾಚೆಗೆ ಕೇಳುವ ಹಾಗೆ ಕೂಗಿದಳು: "ನೋನಿ!"

ಆ ಹೆಸರನ್ನು ಆಫ್ರಿಕಾದ ಬಯಲಲ್ಲಿ ಯಾರೂ ಎಂದೂ ಕೂಗಿರಲಿಲ್ಲ. ಸಲೀಸಾಗಿ "ಹಾಂ" ಎನ್ನಬಹುದು ಎಂದುಕೊಂಡಿದ್ದೆ. ಕೋಟಿನ ಕಪ್ಪು ಗುಂಡಿಯನ್ನು ಬೆರಳಲ್ಲಿ ಹಿಡಿದು ನಿಂತೆ. ಅವಳು ಮತ್ತೆ ಕೂಗಿದಳು. ಮುದುಕಿಯರು ಚಪ್ಪಾಳೆ ತಟ್ಟಲು ಕೈ ಎತ್ತಿಕೊಂಡೇ ಕಾಯುತ್ತಿದ್ದರು. ಮೂರನೆಯ ಸಲ ಓಗೊಟ್ಟೆ.

ಅವರು ಚಪ್ಪಾಳೆ ತಟ್ಟಿದರು, ಸಾಲಾಗಿ ಬಂದು ನನ್ನ ಕೈ ಹಿಡಿದು ಆ ಹೆಸರಿನಿಂದಲೇ ಮಾತಾಡಿಸಿದರು. ಬಿನಾ ಲುಯಾಂಡೊ, "ಇನ್ನು ಆ ಮನೇದೂ ನಿಮ್ಮೇಲಿದೆ. ಒಲೆ ಆರಬಾರ್ದು. ಅಲ್ಲಿ ಮುದುಕಿ ಒಬ್ಬಳೇ ಇದಾಳಂತಲ್ಲ" ಎಂದಳು. ಇವತ್ತು ಬೆಳಗ್ಗೆ ಮದರ್‌ಗೆ ಪತ್ರ ಬರೆದು ಅಂಚೆಗೆ ಹಾಕಿದ್ದೇನೆ. ರಜೆಗಲ್ಲ, ಡೀಲಿಯಾಳ ಜೊತೆ ಇರಲು ಊರಿಗೇ ಮರಳುವುದಕ್ಕೆ. ಕೇಳಿದ್ದೇನೆ ಎಂದು ಈ ಸಲ ನಿಜವಾಗಿ ಹೇಳುತ್ತಿದ್ದೇನೆ.

ನಿನ್ನ ಕೈ ಈಗ ಬೆಚ್ಚಗಿದೆಯೇ? ನಿನ್ನ ತಾಯಿ ಏನೆನ್ನುತ್ತಾಳೆ ಕೇಳಿ ಬರಿ.

ನಿನ್ನೆ ಎಲ್ಲರೂ ಹೋಗಿ ಒಬ್ಬಳೇ ಮರದ ಕೆಳಗೆ ಉಳಿದಾಗ ಕೋಟಿನ ಒಳಗೆ, ಕತ್ತಿನ ಹಿಂದಿನಿಂದ ಶುರುವಾಗಿ ಬೆನ್ನುದ್ದಕ್ಕೂ, ಮೊದಲ ಬೆವರು ಇಳಿಯಿತು.

ಸೇಡಿ